ನೀರಿನ ದಾರಿ ಯಾವ ಕಡೆ?

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರು ಏನೇನು ನೋಡುತ್ತಾರೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ. ಮೊದಲು ತಲೆಬಾಗಿಲು, ತೇಗವೋ, ಹೊನ್ನೆಯೋ, ಬರೀ ಬಣ್ಣವೋ ಎಂದು ಕೈಯಲ್ಲಿ ಸವರಿ ನೋಡುತ್ತಾರೆ. ಆಮೇಲೆ ನೆಲ, ದೇವರಮನೆ, ಅಡುಗೆಮನೆಯ ಕಪಾಟು, ಮೆಟ್ಟಿಲಿನ ಕಂಬಿ. ಊಟ ಮುಗಿಸಿ, ಕುಂಕುಮ ಇಟ್ಟುಕೊಂಡು, 'ಮನೆ ಬಹಳ ಲಕ್ಷಣವಾಗಿ ಬಂದಿದೆ ಕಣ್ರೀ' ಎಂದು ಹೊರಡುತ್ತಾರೆ. ಈ ಮನೆಗೆ ನೀರು ಎಲ್ಲಿಂದ ಬರುತ್ತದೆ, ಯಾವ ಗೋಡೆಯಲ್ಲಿ ಇಳಿಯುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳಿದರೆ ಮನೆಯ ಯಜಮಾನರಿಗೆ ಗೊತ್ತಿರುವುದೂ ಅನುಮಾನ.

ಪುಸ್ತಕಕ್ಕೆ ವಿಮರ್ಶೆ ಇದೆ, ಸಿನಿಮಾಕ್ಕಿದೆ, ಸಂಗೀತ ಕಚೇರಿಗೂ ಇದೆ. ಒಂದು ಕುಟುಂಬ ಹೊಟ್ಟೆಬಟ್ಟೆ ಕಟ್ಟಿ, ಸಾಲ ಮಾಡಿ, ಜೀವಮಾನದಲ್ಲಿ ಒಂದೇ ಸಲ ಕಟ್ಟುವ ಮನೆಗೆ ಮಾತ್ರ ಹೊಗಳಿಕೆ ಬಿಟ್ಟರೆ ಬೇರೇನೂ ಇಲ್ಲ. ಕಟ್ಟಿದ ಮೇಲೆ ತಪ್ಪು ಹೇಳಿದರೆ ಅಪಶಕುನ, ಕಟ್ಟುವ ಮೊದಲು ಹೇಳಿದರೆ ಅಧಿಕಪ್ರಸಂಗ. ಆದರೂ ಈ ಅಧಿಕಪ್ರಸಂಗವನ್ನು ನಾನು ಮಾಡುವವಳೇ. ಮನೆಯನ್ನು ತಲೆಬಾಗಿಲಿನಿಂದ ಓದುವುದು ಬೇಡ, ಹಿತ್ತಿಲ ಬಾಗಿಲಿನಿಂದ ಓದೋಣ ಎನ್ನುವುದು ನನ್ನ ವಾದ. ದಿನದ ಹತ್ತಾರು ಗಂಟೆ ಆ ಮನೆಯೊಳಗೆ ನೀರಿನ ಜೊತೆ ಕೈಯಾಡಿಸುವವರು ನಾವು. ಪೈಪು ಎಲ್ಲಿ ಹೋಗಬೇಕು ಎಂಬ ಮಾತು ಬಂದಾಗ ಮಾತ್ರ, 'ಅದೆಲ್ಲ ಗಂಡಸರು ನೋಡಿಕೊಳ್ತಾರೆ, ನೀವು ಟೈಲ್ಸ್ ಬಣ್ಣ ಹೇಳಿ' ಎಂದು ನಮ್ಮನ್ನು ಅಂಗಡಿಯ ಕಡೆ ಕಳುಹಿಸಿಬಿಡುತ್ತಾರೆ.

ನನ್ನ ತವರು ತಗಡೂರು. ನಂಜನಗೂಡು ತಾಲ್ಲೂಕಿನ ಊರು. ಸಂತೆಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ ಒಮ್ಮೆ ನಂಜನಗೂಡಿನ ಕಡೆ, ಒಮ್ಮೆ ತಿರುಮಕೂಡಲು ನರಸೀಪುರದ ಕಡೆ ಮುಖ ಮಾಡುವ ಜನ ನಾವು. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿದ್ದರೆ ಅದು ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರಿಂದ. ಖಾದಿ, ಅಸ್ಪೃಶ್ಯತಾ ನಿವಾರಣೆ ಎಂದು ಬದುಕನ್ನೇ ಸವೆಸಿದವರು. ಅಲ್ಲಿ ನನ್ನ ತಮ್ಮ ಹಳೆಯ ಮನೆಯನ್ನು ಬಿಚ್ಚಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಲು ಹೊರಟ. ಮೂವತ್ತು ನಲವತ್ತರ ಅಳತೆ. ನಕ್ಷೆಯನ್ನು ನನಗೂ ತೋರಿಸಿದ. ಈ ಬರಹ ಆ ನಕ್ಷೆಯ ವಿಮರ್ಶೆ ಎಂದರೂ ಸರಿಯೇ. ಆದರೆ ಅಂಥ ನಕ್ಷೆ ಈಗ ಊರೂರಿನಲ್ಲೂ ಇರುವುದರಿಂದ ನಿಮ್ಮ ಮನೆಗೂ ಇದು ಸಲ್ಲಬಹುದು.

ಮೊದಲು ಹಳೆಯ ಮನೆಯ ಮಾತು. ನಮ್ಮ ಕಡೆಯ ತೊಟ್ಟಿಮನೆಗಳಲ್ಲಿ ಪೈಪು ಎಂಬುದೇ ಇರಲಿಲ್ಲ, ಆದರೆ ನೀರಿಗೆ ದಾರಿ ಇತ್ತು. ಸೂರಿನ ಮಳೆನೀರು ನಾಲ್ಕೂ ಕಡೆಯಿಂದ ತೊಟ್ಟಿಗೆ ಬಿದ್ದು, ಕಲ್ಲಿನ ಕಾಲುವೆಯಲ್ಲಿ ಹೊರಗೆ ಹೋಗುತ್ತಿತ್ತು. ಬಚ್ಚಲು ಹಿತ್ತಿಲ ಮೂಲೆಯಲ್ಲಿ, ಹಂಡೆಯ ಒಲೆ ಅದರ ಪಕ್ಕದಲ್ಲಿ. ಬಚ್ಚಲ ನೀರು ಬಾಳೆಯ ಬುಡಕ್ಕೆ, ಅಕ್ಕಿ ತೊಳೆದ ಕಲಗಚ್ಚು ಎಮ್ಮೆಯ ಬಾನಿಗೆ. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಎಲ್ಲಿ ಕಟ್ಟಿದೆ, ಎಲ್ಲಿ ಸೋರುತ್ತಿದೆ ಎಂದು ಮನೆಯ ಸಣ್ಣ ಹುಡುಗಿಯೂ ಬೆರಳಿಟ್ಟು ತೋರಿಸಬಹುದಾಗಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಆ ಮನೆಯಲ್ಲಿ ನಿಜವಾದ ಪೈಪು ನಮ್ಮ ಅವ್ವನ ಸೊಂಟವೇ ಆಗಿತ್ತು. ಬಾವಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಅಡುಗೆಮನೆಗೆ, ದಿನಕ್ಕೆ ಎಷ್ಟು ಬಿಂದಿಗೆ ಎಂದು ಯಾರೂ ಎಣಿಸಲಿಲ್ಲ. ಊರಿನ ಬಾವಿಯ ಕಟ್ಟೆಯನ್ನು ಯಾರು ಹತ್ತಬಹುದು, ಯಾರು ದೂರ ನಿಂತು ಬೇಡಬೇಕು ಎನ್ನುವ ಕಟ್ಟಳೆಯೂ ಆ ಕಾಲದ್ದೇ. ರಾಮಚಂದ್ರರಾಯರಂಥವರು ಹೋರಾಡಿದ್ದು ಅದರ ವಿರುದ್ಧ. ಪೈಪಿಗೆ ಜಾತಿ ಗೊತ್ತಿಲ್ಲ, ಅದಕ್ಕಾಗಿಯಾದರೂ ಅದಕ್ಕೊಂದು ನಮಸ್ಕಾರ ಹಾಕಬೇಕು. ಪೈಪು ಬರಲಿ, ಬೇಕೇ ಬೇಕು. ಎಲ್ಲಿ ಬರಲಿ ಎನ್ನುವುದಷ್ಟೇ ನನ್ನ ತಕರಾರು.

ತಮ್ಮನ ನಕ್ಷೆಯಲ್ಲಿ ಪೈಪಿನ ಸುಳಿವೇ ಇರಲಿಲ್ಲ. ಮಂಚ ಬರೆದಿದ್ದರು, ಸೋಫಾ ಬರೆದಿದ್ದರು, ಕಾಂಪೌಂಡಿನಲ್ಲಿ ಒಂದು ಹೂಗಿಡ ಕೂಡ ಬರೆದಿದ್ದರು. ನೀರಿನ ಒಂದು ಗೆರೆ ಇಲ್ಲ. ಮೇಸ್ತ್ರಿಯನ್ನು ಕೇಳಿದೆ. 'ಅದ್ಕೇನಮ್ಮಾವ್ರೆ, ಗೋಡೆ ಎದ್ಮೇಲೆ ಪ್ಲಂಬರ್ ಬಂದು ಹೊಡ್ಕತಾನೆ. ಎಲ್ಲಾ ಕನ್ಸೀಲು. ಈಗ ಯಾರು ಪೈಪ್ನ ಆಚೆ ಬುಡ್ತಾರೆ?' ಎಂದ.

ಈ 'ಹೊಡ್ಕತಾನೆ' ಎಂಬ ಮಾತಿನಲ್ಲಿ ನಮ್ಮ ಕಾಲದ ಗೃಹನಿರ್ಮಾಣದ ಅರ್ಧ ಕಥೆ ಇದೆ. ಕಷ್ಟಪಟ್ಟು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ದಿನಕ್ಕೆರಡು ಸಲ ನೀರು ಹಾಕಿ ಕ್ಯೂರಿಂಗ್ ಮಾಡಿ ಗೋಡೆ ಎಬ್ಬಿಸುವುದು. ಆಮೇಲೆ ಅದೇ ಗೋಡೆಗೆ ಕಟಿಂಗ್ ಮೆಷಿನ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಸೀಳುವುದು. ಇಟ್ಟಿಗೆ ಕಟ್ಟಡದ ಭಾರತೀಯ ಮಾನಕ, ಅಂದರೆ ಐ.ಎಸ್. 1905, ಇದಕ್ಕೊಂದು ಮಿತಿ ಹಾಕಿದೆ. ಭಾರ ಹೊರುವ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರನೆಯ ಒಂದು ಭಾಗಕ್ಕಿಂತ ಆಳ ಹೋಗಬಾರದು. ಅಡ್ಡಡ್ಡ ಕೊರೆದರೆ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಕೂಡದು. ಒಂಬತ್ತಂಗುಲದ ಗೋಡೆಯಲ್ಲಿ ಅಡ್ಡ ಕೊರೆಯಲು ಸಿಗುವುದು ಒಂದೂವರೆ ಅಂಗುಲ. ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ಮುಕ್ಕಾಲಂಗುಲ. ಮುಕ್ಕಾಲಂಗುಲದ ಪೈಪೇ ಅದರಲ್ಲಿ ಹಿಡಿಸುವುದಿಲ್ಲ, ಅದರ ಮೇಲೆ ಗಾರೆ ಎಲ್ಲಿಂದ ಬರಬೇಕು? ಬೆಡ್‌ರೂಮಿನ ತೆಳುಗೋಡೆಗಳಲ್ಲಿ ಹತ್ತು ಹನ್ನೆರಡು ಅಡಿ ಅಡ್ಡ ಸೀಳಿ ಪೈಪು ಎಳೆದಿರುವುದನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಗೋಡೆ ಬಿರುಕು ಬಿಡುವುದು ಒಂದು. ಬಿರುಕಿಗಿಂತ ಕೆಟ್ಟದ್ದು ಸೋರಿಕೆ. ಮೈಸೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಗೆ ಎಂಟನೆಯ ವರ್ಷ ಈ ಕಂಟಕ ಬಂತು. ಬೀರುವಿನ ಹಿಂದೆ ಗೋಡೆ ಸ್ವಲ್ಪ ನೆನೆದಂತೆ ಕಂಡಿತು. ಮಳೆಗಾಲದ ತೇವ ಎಂದುಕೊಂಡರು. ಬೇಸಿಗೆಯಲ್ಲೂ ಆರಲಿಲ್ಲ. ಬೀರು ತೆಗೆದು ನೋಡಿದರೆ ಕೆಳಗಿನ ಅರೆಯಲ್ಲಿದ್ದ ರೇಷ್ಮೆ ಸೀರೆಗಳಿಗೆ ಬೂಷ್ಟು ಹತ್ತಿತ್ತು, ಮಗಳ ಮದುವೆಯ ಧಾರೆ ಸೀರೆಯೂ ಸೇರಿ. ಪ್ಲಂಬರ್ ಬಂದ, ಬಚ್ಚಲಿನ ಟೈಲ್ಸ್ ಮೂರು ಕಡೆ ಒಡೆದ. ಸೋರುತ್ತಿದ್ದದ್ದು ನಾಲ್ಕನೆಯ ಕಡೆ. ಪೈಪು ಎಲ್ಲಿ ಹೋಗಿದೆ ಎನ್ನುವುದು ಹಾಕಿದವನಿಗೆ ಮಾತ್ರ ಗೊತ್ತಿತ್ತು, ಆತ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹತ್ತು ರೂಪಾಯಿಯ ಒಂದು ಎಲ್ಬೋ ಬದಲಾಯಿಸಲು ಬಚ್ಚಲಿಡೀ ಅಗೆದರು. ಆ ಬಣ್ಣದ ಟೈಲ್ಸ್ ಈಗ ಬರುವುದಿಲ್ಲವೆಂದು ಅಂಗಡಿಯವರು ಹೇಳಿದ್ದರಿಂದ ಬಚ್ಚಲಿಗೆ ಬೇರೆ ಬಣ್ಣದ ತೇಪೆ ಬಿತ್ತು. ಆ ಮೂರು ವಾರ ಮನೆಮಂದಿಯೆಲ್ಲ ಸ್ನಾನಕ್ಕೆ ಪಕ್ಕದ ಮನೆಗೆ ಹೋದರು. ಧೂಳು ಗುಡಿಸಿದ್ದು, ಆಳುಗಳಿಗೆ ಕಾಫಿ ಕೊಟ್ಟದ್ದು, ಪಕ್ಕದ ಮನೆಯವರ ಮುಖ ನೋಡಿ ಸಂಕೋಚಪಟ್ಟದ್ದು ಯಾರು ಎಂದು ನಿಮಗೆ ಹೇಳಬೇಕಾಗಿಲ್ಲ.

ಗೋಡೆಯೊಳಗೆ ಮುಚ್ಚಿದ ಪೈಪು ನೋಡಲು ಚೆನ್ನ, ಒಪ್ಪಿದೆ. ಆ ಚೆಲುವಿನ ಬೆಲೆಯನ್ನು ಮಾತ್ರ ಕಟ್ಟುವ ದಿನ ಯಾರೂ ಹೇಳುವುದಿಲ್ಲ. ಎಂಟು ಹತ್ತು ವರ್ಷ ಬಿಟ್ಟು ಮನೆಯಲ್ಲಿರುವವರು ಕೊಡುತ್ತಾರೆ. ಪೈಪಿನ ಆಯಸ್ಸು ಗೋಡೆಯ ಆಯಸ್ಸಿಗಿಂತ ಕಡಿಮೆ. ಮೊದಲು ಜಿ.ಐ. ಪೈಪು ಹಾಕುತ್ತಿದ್ದೆವು, ಬೋರಿನ ಗಡಸು ನೀರಿಗೆ ಅದರೊಳಗೆ ಸುಣ್ಣ ಕಟ್ಟಿ, ತುಕ್ಕು ಹಿಡಿದು, ದಾರ ತೂರುವಷ್ಟು ಸಂದಿ ಉಳಿಯುತ್ತಿತ್ತು. ಆಮೇಲೆ ಪಿ.ವಿ.ಸಿ. ಬಂತು, ಬಿಸಿನೀರಿಗೆಂದು ಸಿ.ಪಿ.ವಿ.ಸಿ. ಬಂತು. ಇವಕ್ಕೆ ತುಕ್ಕಿಲ್ಲ ನಿಜ, ಆದರೆ ಜೋಡಣೆಗೆ ಅಂಟು ಹಚ್ಚುವವನ ಕೈ ಒಂದು ದಿನ ಸೋಮಾರಿಯಾದರೆ ಸಾಕು. ಕಡಿಮೆ ಬಾಳುವ ವಸ್ತುವನ್ನು ಹೆಚ್ಚು ಬಾಳುವ ವಸ್ತುವಿನೊಳಗೆ ಹೂತುಹಾಕಿ, ತೆಗೆಯಲು ದಾರಿಯೇ ಇಲ್ಲದಂತೆ ಮಾಡುವುದು ಯಾವ ಜಾಣತನ? ಉಪ್ಪಿನಕಾಯಿ ಜಾಡಿಗಾದರೂ ನಾವು ಕೈ ಹೋಗುವಷ್ಟು ಬಾಯಿ ಇಟ್ಟಿರುತ್ತೇವೆ.

ಇನ್ನು ನಕ್ಷೆಯ ಎರಡನೆಯ ದೋಷ. ಇದನ್ನು ಹೇಳುವಾಗ ನಾನು ಸ್ವಲ್ಪ ಮೆಲುದನಿಯಲ್ಲಿ ಹೇಳುತ್ತೇನೆ, ಏಕೆಂದರೆ ಇದು ವಾಸ್ತುವಿನ ಮಾತು. ಈಶಾನ್ಯಕ್ಕೆ ನೀರಿನ ಸಂಪು, ನೈಋತ್ಯಕ್ಕೆ ತಾರಸಿಯ ಮೇಲೆ ಟ್ಯಾಂಕು, ಆಗ್ನೇಯಕ್ಕೆ ಅಡುಗೆಮನೆ, ವಾಯವ್ಯಕ್ಕೆ ಬಚ್ಚಲು. ಎಲ್ಲರ ಮನೆಯಲ್ಲೂ ಇದೇ ಪಟ್ಟಿ. ನಂಬಿಕೆಯ ಬಗ್ಗೆ ನಾನು ಜಗಳ ಮಾಡುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ಮೂವತ್ತು ನಲವತ್ತರ ಮನೆಯಲ್ಲಿ ಮೂಲೆಯಿಂದ ಎದುರು ಮೂಲೆಗೆ ನೇರ ಐವತ್ತು ಅಡಿ. ಪೈಪು ಹಕ್ಕಿಯಂತೆ ನೇರ ಹಾರುವುದಿಲ್ಲ, ಗೋಡೆ ಹಿಡಿದು ಹೋಗಬೇಕು. ಆಗ ಎಪ್ಪತ್ತು ಅಡಿ. ಸಂಪಿನಿಂದ ಟ್ಯಾಂಕಿನ ಬುಡಕ್ಕೆ ಎಪ್ಪತ್ತು ಅಡಿ, ಅಡುಗೆಮನೆಗೂ ಬಚ್ಚಲಿಗೂ ನಡುವೆ ಇನ್ನೊಂದು ಎಪ್ಪತ್ತು ಅಡಿ. ಮನೆಯಲ್ಲಿ ನೀರು ಬೇಕಾದ ನಾಲ್ಕು ಜಾಗಗಳನ್ನು ನಾಲ್ಕು ದಿಕ್ಕಿಗೆ ಅಟ್ಟಿದ ಮೇಲೆ ನಡುವಿನ ಕೋಣೆಗಳ ಗೋಡೆಗಳನ್ನೆಲ್ಲ ಸೀಳದೆ ಬೇರೆ ದಾರಿ ಎಲ್ಲಿದೆ?

ಬಿಸಿನೀರಿಗೆ ಈ ದೂರ ಇನ್ನೂ ತುಟ್ಟಿ. ತಾರಸಿಯ ಮೇಲೆ ಸೋಲಾರ್ ಇದೆ ಎನ್ನಿ. ಮುಕ್ಕಾಲಂಗುಲದ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 300 ಮಿಲಿ ಲೀಟರ್ ನೀರು ನಿಂತಿರುತ್ತದೆ. ಸೋಲಾರಿನಿಂದ ಬಚ್ಚಲಿಗೆ ಹದಿನೈದು ಮೀಟರ್ ಆದರೆ ನಾಲ್ಕೂವರೆ ಲೀಟರ್ ತಣ್ಣೀರು ಸುರಿದು ಹೋದ ಮೇಲೇ ಬಿಸಿನೀರು ಬರುವುದು. ಪೈಪು ತಣ್ಣಗಾದಾಗಲೆಲ್ಲ ಇದೇ ಕಥೆ. ನಮ್ಮ ಅವ್ವ ಆ ನೀರನ್ನು ಚರಂಡಿಗೆ ಬಿಡಲಾರಳು. ಬಕೀಟು ಹಿಡಿದು ತುಂಬಿಸಿ, ಎತ್ತಿಕೊಂಡು ಹೋಗಿ ತುಳಸಿಗೆ ಹಾಕುತ್ತಾಳೆ. ಎಪ್ಪತ್ತು ದಾಟಿದ ಮಂಡಿಗಳು. ಜೀವನವೆಲ್ಲ ನೀರು ಹೊತ್ತವಳು ಹೊಸ ಮನೆಯಲ್ಲೂ ಬಕೀಟು ಹೊರಬೇಕೆಂದರೆ, ಆ ಮನೆಗೆ ಹಾಕಿದ ಪೈಪಿನ ಪುರುಷಾರ್ಥವಾದರೂ ಏನು?

ಮೂರನೆಯದು, ಹೊರಗೆ ಹೋಗುವ ನೀರು. ಮನೆಗೆ ಬರುವ ನೀರಿಗೆ ಪೂಜೆ, ಹೋಗುವ ನೀರಿಗೆ ಮೂಗು ಮುಚ್ಚಿಕೊಳ್ಳುವುದು ನಮ್ಮ ಸ್ವಭಾವ. ಮನೆಯೊಳಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳೆನೀರಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಒತ್ತಡವಿಲ್ಲ, ಮೋಟಾರಿಲ್ಲ; ಇಳಿಜಾರೊಂದೇ ಅದರ ಬಲ. ಕಕ್ಕಸಿನ ನಾಲ್ಕಂಗುಲದ ಪೈಪಿಗೆ ನಲವತ್ತು ಅಡಿಗೆ ಒಂದಡಿ ಇಳಿಜಾರು ಬೇಕು. ಅರವತ್ತಕ್ಕೆ ಒಂದಾದರೂ ಇರಲೇಬೇಕು. ಕಕ್ಕಸು ಮನೆಯ ಮುಂದೆ, ಗುಂಡಿ ಹಿತ್ತಿಲಲ್ಲಿ ಎಂದಾದರೆ ಹಾಲಿನ ಕೆಳಗೆ, ದೇವರಮನೆಯ ಕೆಳಗೆ ಈ ಪೈಪು ನಲವತ್ತಡಿ ತೂರಿ ಹೋಗಬೇಕು. ನಮ್ಮ ಜಾಗ ಎರೆಮಣ್ಣಿನದು. ಮಳೆಗೆ ಊದುವ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುವ ಮಣ್ಣು. ಅದು ಮಿಸುಕಿದಾಗ ಪೈಪಿನ ಜೋಡಣೆ ಬಿಡುತ್ತದೆ. ದೇವರಮನೆಯ ಕೆಳಗೆ ಬಿಟ್ಟರೆ ಅಗೆಯುವವರು ಯಾರು, ಎಲ್ಲಿಂದ? ವಾಸ್ತು ಹೇಳುವವರು ಕಕ್ಕಸಿನ ಬಾಗಿಲು ಯಾವ ದಿಕ್ಕಿಗೆ ಎಂದು ಅಷ್ಟು ಹೊತ್ತು ಹೇಳಿದರು, ಅದರ ಪೈಪು ಯಾವುದರ ಕೆಳಗೆ ಹೋಗುತ್ತದೆ ಎಂದು ಒಂದು ಮಾತು ಆಡಲಿಲ್ಲ.

ಈ ಹೊರಗೆ ಹೋಗುವ ಪೈಪಿನ ಹಿಂದೆ ಮನುಷ್ಯರ ಕಥೆಯೊಂದಿದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. ಅಲ್ಲಿ ಯಾರು ಯಾಕೆ ಓಡಾಡುತ್ತಿದ್ದರು ಎಂದು ಇವತ್ತಿನ ಮಕ್ಕಳಿಗೆ ಗೊತ್ತಿಲ್ಲ. ಮನೆಯವರ ಮುಖವನ್ನೇ ನೋಡದೆ, ಹಿಂದಿನಿಂದ ಬಂದು, ಮಲ ತುಂಬಿಕೊಂಡು ಹೋಗುವವರಿಗಾಗಿ ಮಾಡಿದ ದಾರಿ ಅದು. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಅದಕ್ಕಿಂತ ಬಿಗಿಯಾದ ಕಾನೂನು 2013ರಲ್ಲಿ. ಆದರೂ ಮುಚ್ಚಿದ ಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಈಗಲೂ ಬರುತ್ತದೆ. ಆದ್ದರಿಂದ ಪೈಪು ಎಲ್ಲಿ ಹೋಗಬೇಕು ಎನ್ನುವುದು ನಮ್ಮ ಮನೆಯ ಅನುಕೂಲದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಪ್ರತಿ ತಿರುವಿಗೂ ಮುಚ್ಚಳ ತೆಗೆದು ಕೋಲು ಹಾಕಬಹುದಾದ ಚೇಂಬರ್ ಇದ್ದರೆ, ಗುಂಡಿ ಎರಡಿದ್ದು ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವಂತಿದ್ದರೆ, ಯಾವ ಮನುಷ್ಯನೂ ಅದರೊಳಗೆ ಇಳಿಯಬೇಕಾಗಿಲ್ಲ. ಮುಚ್ಚಿಟ್ಟ ಗುಂಡಿಯಲ್ಲಿ ಒಂದೂವರೆ ಎರಡು ವರ್ಷ ಬಿಟ್ಟರೆ ಉಳಿಯುವುದು ಗೊಬ್ಬರ. ಎರೆಮಣ್ಣಿನಲ್ಲಿ ನೀರು ಇಂಗುವುದು ನಿಧಾನವಾದ್ದರಿಂದ ಗುಂಡಿಯನ್ನು ಸ್ವಲ್ಪ ದೊಡ್ಡದು ಮಾಡಿ ಸುತ್ತಲೂ ಮರಳು ತುಂಬಬೇಕು. ಬಾವಿ, ಬೋರಿನಿಂದ ದೂರ ಇರಬೇಕು, ಅಷ್ಟೆ.

ಇಷ್ಟೆಲ್ಲ ಹೇಳಿ ನಾನು ತಮ್ಮನಿಗೆ, 'ಪೈಪನ್ನು ಹಿಂದಿನ ಗೋಡೆಯ ಹೊರಮೈಗೆ ಹಾಕಿಸಪ್ಪ' ಎಂದೆ. ಅವನು ನಕ್ಕ. ಪ್ಯಾರಿಸ್ಸಿನಲ್ಲಿ 1977ರಲ್ಲಿ ತೆರೆದ ಪಾಂಪಿಡು ಕೇಂದ್ರದ ಚಿತ್ರ ತೋರಿಸಿದೆ. ರೆಂಜೊ ಪಿಯಾನೊ, ರಿಚರ್ಡ್ ರೋಜರ್ಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಇಡೀ ಕಟ್ಟಡದ ಕೊಳವೆಗಳನ್ನೆಲ್ಲ ಹೊರಗೇ ಬಿಟ್ಟು, ನೀರಿನದಕ್ಕೆ ಹಸಿರು, ಗಾಳಿಯದಕ್ಕೆ ನೀಲಿ, ಕರೆಂಟಿನದಕ್ಕೆ ಹಳದಿ ಎಂದು ಬಣ್ಣ ಬಳಿದಿದ್ದಾರೆ. 'ಅದು ಪ್ಯಾರಿಸ್ ಕಣಕ್ಕ, ಇದು ತಗಡೂರು. ಅಲ್ಲಿ ನೋಡೋಕೆ ಟಿಕೆಟ್ ತಗೊಂಡು ಬರ್ತಾರೆ. ಇಲ್ಲಿ ಸಾಲ ತೀರಿಸೋಕೆ ದುಡ್ಡು ಸಾಕಾಗಲಿಲ್ಲ ಅಂತಾರೆ' ಎಂದ. ಅವನ ಮಾತಿನಲ್ಲಿ ನಿಜವಿದೆ. ಹಳ್ಳಿಯಲ್ಲಿ ಮನೆ ಕಟ್ಟುವುದು ನಾಲ್ಕು ಜನರ ಎದುರಿಗೆ ತಲೆ ಎತ್ತಿ ನಿಲ್ಲುವುದಕ್ಕೂ ಹೌದು. ಅದನ್ನು ತೀರ ಹಗುರವಾಗಿ ತಳ್ಳಿಹಾಕಲು ನನಗೂ ಮನಸ್ಸು ಬರಲಿಲ್ಲ.

ಮೇಸ್ತ್ರಿಯ ಆಕ್ಷೇಪಣೆಗಳಂತೂ ಇನ್ನೂ ಗಟ್ಟಿ. ಹೊರಗಿನ ಪೈಪು ಬಿಸಿಲಿಗೆ ಗರಿಗರಿಯಾಗಿ ಒಡೆಯುತ್ತದೆ. ಮಧ್ಯಾಹ್ನ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು ಬರುತ್ತದೆ. ಮಕ್ಕಳು ಹತ್ತುತ್ತವೆ, ಕೋತಿಗಳು ಜೋತಾಡುತ್ತವೆ. ನಂಜನಗೂಡಿನ ಕಡೆಯವರಿಗೆ ಕೋತಿಗಳ ವಿಷಯ ಬಿಡಿಸಿ ಹೇಳಬೇಕೇ! ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಇವಕ್ಕೆಲ್ಲ ಮದ್ದಿದೆ. ಬಣ್ಣ ಬಳಿದರೆ ಬಿಸಿಲು ತಡೆಯುತ್ತದೆ. ಎರಡಡಿಗೊಂದು ಕ್ಲಾಂಪ್ ಹಾಕಿದರೆ ಕೋತಿಗೆ ಜಗ್ಗುವುದಿಲ್ಲ. ಗೋಡೆಯಲ್ಲಿ ಒಂದು ಗೂಡಿನಂತೆ ಸಂದಿ ಬಿಟ್ಟು, ಪೈಪುಗಳನ್ನೆಲ್ಲ ಅದರೊಳಗೆ ಇಳಿಸಿ, ಮುಂದೆ ಬಿಚ್ಚಬಹುದಾದ ಹಲಗೆ ಹಾಕಿದರೆ ಕಣ್ಣಿಗೂ ಕಾಣದು, ಕೈಗೂ ಸಿಗುತ್ತದೆ. ಒಳಗೆ ಹೂತ ಪೈಪಿನ ರೋಗಕ್ಕೆ ಸುತ್ತಿಗೆಯೊಂದೇ ಮದ್ದು. ಎರಡನ್ನೂ ತೂಗಿ ನೋಡಿದಾಗ ತಕ್ಕಡಿ ಯಾವ ಕಡೆ ವಾಲುತ್ತದೆ ಎನ್ನುವುದು ನನಗೆ ಸ್ಪಷ್ಟ.

ಕೇರಳದಲ್ಲಿ ಬಾಳಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದವರು. ತಮ್ಮ ಕೈಯಿಂದಲೇ ಚಿತ್ರ ಬರೆದು ಸಣ್ಣ ಸಣ್ಣ ಪುಸ್ತಕಗಳನ್ನು ಮಾಡಿದರು. ಕಟ್ಟುವ ಪ್ರತಿಯೊಂದಕ್ಕೂ 'ಇದು ನಿಜವಾಗಿ ಬೇಕೇ?' ಎಂದು ಕೇಳಿಕೊಳ್ಳುವುದು ಅವರ ರೀತಿ. ನಮ್ಮ ಅಜ್ಜಿಯರೂ ಸಂತೆಯಲ್ಲಿ ಕೇಳುತ್ತಿದ್ದದ್ದು ಇದನ್ನೇ. ಪೈಪಿನ ವಿಷಯದಲ್ಲೂ ಅದನ್ನೇ ಕೇಳಬೇಕು. ಈ ಪೈಪು ಇಷ್ಟುದ್ದ ಬೇಕೇ? ಈ ಗೋಡೆ ಸೀಳಲೇಬೇಕೇ?

ಕೊನೆಗೆ ತಗಡೂರಿನ ನಕ್ಷೆ ಹೇಗಾಯಿತು ಎಂದು ಹೇಳಿಬಿಡುತ್ತೇನೆ. ಮನೆ ಪೂರ್ವಕ್ಕೆ ಮುಖ. ಅಡುಗೆಮನೆ ಆಗ್ನೇಯದಲ್ಲಿ ಆಗದಿದ್ದರೆ ವಾಯವ್ಯವೂ ಆಗುತ್ತದೆ ಎಂದು ವಾಸ್ತುವಿನವರೇ ಎರಡನೆಯ ಆಯ್ಕೆ ಕೊಟ್ಟಿದ್ದಾರೆ, ಅದನ್ನು ಹಿಡಿದುಕೊಂಡೆ. ಅಡುಗೆಮನೆ ಹಿಂಬದಿಯ ವಾಯವ್ಯಕ್ಕೆ ಬಂತು. ಅದರ ಗೋಡೆಗೆ ಹೊಂದಿ ಸ್ನಾನದ ಮನೆ, ಅದರಾಚೆಗೆ ಕಕ್ಕಸು. ಅಡುಗೆಮನೆಗೂ ಕಕ್ಕಸಿಗೂ ಒಂದೇ ಗೋಡೆ ಆಗಬಾರದೆಂಬ ಅವ್ವನ ಮಾತೂ ನಡೆಯಿತು. ನೈಋತ್ಯದ ಟ್ಯಾಂಕು, ಸೋಲಾರು ಎರಡೂ ಅದೇ ಹಿಂದಿನ ಗೋಡೆಯ ನೆತ್ತಿಗೆ ಬಂದವು. ನೀರೆಲ್ಲ ಪಡುವಣ ಗೋಡೆಯ ಸಾಲಿನಲ್ಲೇ ಇಳಿದು, ಅಲ್ಲಲ್ಲೇ ಒಂದೊಂದು ಮೊಳ ಒಳಗೆ ತೂರಿ ನಲ್ಲಿಗೆ ಸೇರುತ್ತದೆ. ಹಾಲಿಗೆ, ಮಲಗುವ ಕೋಣೆಗೆ, ದೇವರಮನೆಗೆ ಒಂದು ತುಂಡು ಪೈಪೂ ಹೋಗಿಲ್ಲ. ಬೀದಿಯ ನೀರು ಬರುವುದು ಮುಂದಿನಿಂದ ಆದ್ದರಿಂದ ಸಂಪು ಈಶಾನ್ಯದಲ್ಲೇ ಉಳಿಯಿತು. ಅಲ್ಲಿಂದ ಟ್ಯಾಂಕಿಗೆ ಏರುವ ಒಂದೇ ಒಂದು ಉದ್ದದ ಪೈಪು ಮನೆಯ ಹೊರಗೋಡೆ ಹಿಡಿದು ಹೋಗಿದೆ. ಮುಂದಿನ ಗೋಡೆಯಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ತಮ್ಮನ ಮರ್ಯಾದೆಗೂ ಊನವಿಲ್ಲ. ಸ್ನಾನದ ನೀರು ಹಳೆಯ ಕಾಲದಂತೆಯೇ ಬಾಳೆಯ ಬುಡಕ್ಕೆ ಹೋಗುತ್ತದೆ. ರಸಬಾಳೆ ಹಾಕಬೇಕೆಂದು ಅವ್ವನ ಆಸೆ.

ನೀವೂ ಮನೆ ಕಟ್ಟುವವರಾದರೆ ಟೈಲ್ಸ್ ಅಂಗಡಿಗೆ ಹೋಗುವ ಮೊದಲು ನಾಲ್ಕು ಮಾತು ಕೇಳಿ. ಪ್ರತಿ ಕೋಣೆಯ ನೀರನ್ನು ಬೇರೆ ಬೇರೆಯಾಗಿ ನಿಲ್ಲಿಸುವ ವಾಲ್ವ್ ನಿಮ್ಮ ಕೈಗೆ ಎಟುಕುವ ಎತ್ತರದಲ್ಲಿದೆಯೇ? ಗಿಲಾವು ಮಾಡುವ ಮೊದಲು ಪೈಪಿಗೆ ನೀರು ತುಂಬಿಸಿ, ಪಂಪಿನಿಂದ ಒತ್ತಡ ಕೊಟ್ಟು, ಒಂದು ರಾತ್ರಿ ಬಿಟ್ಟು ಮುಳ್ಳು ಇಳಿಯಿತೇ ಎಂದು ನೋಡಿದರೇ? ಬಚ್ಚಲ ಜಾಲರಿಯ ಕೆಳಗೆ ಎರಡಂಗುಲ ನೀರು ನಿಲ್ಲುವ ಟ್ರ್ಯಾಪ್ ಇದೆಯೇ? ಜಿರಲೆಯನ್ನೂ ನಾತವನ್ನೂ ತಡೆಯುವುದು ಆ ಎರಡಂಗುಲವೇ. ಕೊನೆಯದಾಗಿ, ಚೇಂಬರುಗಳೆಲ್ಲ ಮನೆಯ ಹೊರಗಿವೆಯೇ? ಈ ನಾಲ್ಕಕ್ಕೆ ಹೌದು ಎಂಬ ಉತ್ತರ ಬಂದ ಮೇಲೆ ಟೈಲ್ಸ್ ಯಾವ ಬಣ್ಣವಾದರೂ ಇರಲಿ.

ಇನ್ನೊಂದು ಮಾತು. ಸೈಟು, ಸೋಲಾರು, ಸಂಪು ಎಂದು ಇಷ್ಟು ಹೇಳುವುದು ಕೈಯಲ್ಲಿ ನಾಲ್ಕು ಕಾಸು ಇರುವವರ ವಿಷಯ. 2019ರಲ್ಲಿ ಜಲಜೀವನ ಮಿಷನ್ ಘೋಷಣೆಯಾಗಿ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಹಳ್ಳಿಯ ಮನೆಗಳಿಗೆ ನಲ್ಲಿ ಬಂತು. ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕ. ಅದು ಸಣ್ಣ ಉಪಕಾರವೇನಲ್ಲ. ಆದರೆ ನಾನು ನೋಡಿದ ಎಷ್ಟೋ ಚಿಕ್ಕ ಮನೆಗಳಲ್ಲಿ ನಲ್ಲಿ ಅಂಗಳದಲ್ಲೇ ನಿಂತಿದೆ. ಒಲೆ ಇರುವುದು ಹಿಂದಿನ ಕೋಣೆಯಲ್ಲಿ. ಬಾವಿ ಹತ್ತಿರ ಬಂದಿದೆ, ಬಿಂದಿಗೆ ಕೆಳಗಿಳಿದಿಲ್ಲ. ಇಪ್ಪತ್ತಡಿ ಪೈಪು, ಎರಡು ಎಲ್ಬೋ, ಒಂದು ನಲ್ಲಿ. ಒಂದು ಸಾಧಾರಣ ಸೀರೆಯ ಬೆಲೆಯಲ್ಲಿ ಆಗುವ ಕೆಲಸ. ಆ ಮನೆಯ ಹೆಂಗಸು ಕೇಳಲಿಲ್ಲ, ಗಂಡಸಿಗೆ ಹೊಳೆಯಲಿಲ್ಲ. ಹೊರುವವಳು ಅವಳಾದ್ದರಿಂದ ಹೊಳೆಯಬೇಕಾದ ಅಗತ್ಯವೂ ಅವನಿಗೆ ಬೀಳಲಿಲ್ಲ. ದೊಡ್ಡ ಮನೆಯ ಸೀಳಿದ ಗೋಡೆಗೂ ಚಿಕ್ಕ ಮನೆಯ ಅಂಗಳದ ನಲ್ಲಿಗೂ ಕಾರಣ ಒಂದೇ. ನೀರು ಬಳಸುವವಳನ್ನು ಯಾರೂ ಕೇಳಿಲ್ಲ.

ಗೋಡೆಗೆ ಗಿಲಾವು ಬೀಳುವ ಹಿಂದಿನ ದಿನ ತಮ್ಮನ ಹೆಂಡತಿ ಟೇಪು ಹಿಡಿದು, ಪೈಪು ಯಾವ ಮೂಲೆಯಿಂದ ಎಷ್ಟಡಿ, ನೆಲದಿಂದ ಎಷ್ಟೆತ್ತರ, ಎಲ್ಲಿ ಒಳಗೆ ತೂರಿದೆ ಎಂದು ಅಳೆದು, ಮಗಳ ಶಾಲೆಯ ನೋಟುಪುಸ್ತಕದಲ್ಲಿ ಬರೆದಿಟ್ಟಳು. ಫೋಟೋಗಳನ್ನೂ ತೆಗೆದಳು. ಆ ಹಾಳೆಗಳನ್ನು ಈಗ ಮನೆಪತ್ರದ ಜೊತೆಯಲ್ಲೇ ಬೀರುವಿನಲ್ಲಿ ಇಟ್ಟಿದ್ದಾಳೆ. ಮನೆಪತ್ರದಲ್ಲಿ ಅವಳ ಹೆಸರಿಲ್ಲ. ಆದರೆ ಮುಂದೆ ಯಾವತ್ತಾದರೂ ಆ ಮನೆಯಲ್ಲಿ ನೀರು ನಿಂತರೆ, ಪ್ಲಂಬರ್ ಬಂದು ಮೊದಲು ಕರೆಯಬೇಕಾದದ್ದು ಅವಳನ್ನೇ.